ತಂಗಿಯ ಊರಿಗೆ ಹೋದ ಡೀಸೆಲ್ ಗಾಡಿ

ನನ್ನ ಗಾಡಿಯನ್ನು ನನ್ನ ತಂಗಿಗೆ ಕೊಟ್ಟುಬಿಟ್ಟರು. ಹೀಗೆಂದರೆ ನನ್ನ ಗಂಡ ನಗುತ್ತಾರೆ. "ಸರಕಾರದ ರೈಲು ನಿಂದು ಯಾವಾಗ ಆತು?" ಎಂದು ಕೇಳುತ್ತಾರೆ. ಅವರಿಗೆ ಒಡಹುಟ್ಟಿದವರು ಯಾರೂ ಇಲ್ಲ. ಹಂಚಿಕೊಳ್ಳುವುದು ಎಂದರೇನೆಂದು ಅವರಿಗೆ ತಿಳಿಯದು.

ನಾವಿಬ್ಬರೇ ಹೆಣ್ಣುಮಕ್ಕಳು. ಅಪ್ಪ ನಾರಾಯಣಪುರದ ಡ್ಯಾಮಿನಲ್ಲಿ ಕೆಲಸಕ್ಕಿದ್ದ. ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲೇ ನಾವು ಬೆಳೆದದ್ದು. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಬಂದು ಗೇಟು ಎತ್ತಿದರೆ ಮನೆಯ ಕಿಟಕಿಗಳೆಲ್ಲ ಅದುರುತ್ತಿದ್ದವು. ತಂಗಿ ಆ ಸದ್ದಿಗೆ ಕಿರುಚಿ ಅವ್ವನ ಸೆರಗಿನೊಳಗೆ ಸೇರುತ್ತಿದ್ದಳು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಅವಳನ್ನು ಎದೆಗೆ ಅವುಚಿಕೊಂಡು ಕೂರುತ್ತಿದ್ದಳು. ನಾನು ಹೆಂಚಿನ ಮೇಲಿನ ರೊಟ್ಟಿ ಹೊತ್ತದಂತೆ ತಿರುವಿ ಹಾಕುತ್ತಿದ್ದೆ. ನನಗೆ ಆ ಸದ್ದು ಕೇಳಿ ಭಯವಾಗುತ್ತಿರಲಿಲ್ಲ, ಅಥವಾ ಭಯಪಡುವ ಸರದಿ ನನಗೆ ಬರುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ತವರೂರು ಸುರಪುರಕ್ಕೆ ಬಂದಳು. ತನ್ನ ಅಣ್ಣನ ಮನೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದು, ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡಲು ಶುರುಮಾಡಿದಳು. ನಾನು ಓದಿ ಶಿಕ್ಷಕಿಯಾದೆ, ಯಾದಗಿರಿಗೆ ಮದುವೆಯಾಗಿ ಬಂದೆ. ತಂಗಿ ಪಿಯುಸಿಗೆ ಓದು ನಿಲ್ಲಿಸಿದಳು. ಗದಗದ ಕಡೆಯ ಒಂದು ತಾಲೂಕು ಊರಿನ ಕಿರಾಣಿ ಅಂಗಡಿಯವನಿಗೆ ಅವಳನ್ನು ಕೊಟ್ಟೆವು.

ನನ್ನ ಶಾಲೆಯಿರುವ ಹಳ್ಳಿ ಯಾದಗಿರಿಯಿಂದ ರಾಯಚೂರಿನ ಕಡೆ ಹೋಗುವ ಹಳಿಯ ಮೇಲೆ ಬರುತ್ತದೆ. ಅಲ್ಲೊಂದು ಸಣ್ಣ ಸ್ಟೇಷನ್ನು. ಮುಂಬೈ, ಚೆನ್ನೈ ಎಂದು ಓಡುವ ದೊಡ್ಡ ಗಾಡಿಗಳು ಧೂಳೆಬ್ಬಿಸಿ ಹೋಗುತ್ತವೆಯೇ ಹೊರತು ನಿಲ್ಲುವುದಿಲ್ಲ. ನಿಲ್ಲುತ್ತಿದ್ದದ್ದು ಬೆಳಗಿನ ಡೀಸೆಲ್ ಗಾಡಿ ಒಂದೇ; ಸಂಜೆ ಅದೇ ತಿರುಗಿ ಬರುತ್ತಿತ್ತು. ಎರಡೂ ತುದಿಯಲ್ಲಿ ಡ್ರೈವರನ ಕೋಣೆಯಿದ್ದ, ಎಂಜಿನ್ ಬಿಚ್ಚಿ ತಿರುಗಿಸುವ ಗೋಜಿಲ್ಲದ ಗಾಡಿ ಅದು. ಡೆಮು ಎನ್ನುತ್ತಿದ್ದರು. ಡೀಸೆಲ್ ವಾಸನೆಗೆ ಮೊದಮೊದಲು ನನಗೆ ವಾಂತಿ ಬರುತ್ತಿತ್ತು. ಆಮೇಲೆ ಆ ವಾಸನೆಯಿಲ್ಲದ ಭಾನುವಾರವೇ ಸಪ್ಪೆ ಎನಿಸತೊಡಗಿತು.

ನಾನು ಕೂರುತ್ತಿದ್ದ ಕಿಟಕಿಯ ಶಟರು ಮೇಲೆ ನಿಲ್ಲುತ್ತಿರಲಿಲ್ಲ. ಗಾಡಿ ಜಗ್ಗಿದಾಗೆಲ್ಲ ದಡ್ ಎಂದು ಮೊಣಕೈ ಮೇಲೆ ಬೀಳುತ್ತಿತ್ತು. ಒಂದು ದಿನ ಮನೆಯಿಂದ ಹಳೆಯ ಲಂಗದ ಹಸಿರು ಲಾಡಿ ತಂದು, ಶಟರಿನ ಹಿಡಿಕೆಯಿಂದ ಮೇಲಿನ ಕೊಂಡಿಗೆ ಬಿಗಿಯಾಗಿ ಕಟ್ಟಿದೆ. ಎದುರಿಗೆ ಕೂರುತ್ತಿದ್ದ ನರ್ಸಕ್ಕ ನಕ್ಕು, "ಟೀಚರ್, ರೈಲಿಗೇ ಲಂಗ ಉಡಿಸಿದ್ರಲ್ರಿ!" ಎಂದಳು. ಅವಳು ನನಗಿಂತ ಎರಡು ಸ್ಟೇಷನ್ ಮುಂದಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅಂದಿನಿಂದ ಆ ಜಾಗ ನನ್ನದಾಯಿತು. ಕಾಲೇಜು ಹುಡುಗಿಯರು ಕುಳಿತಿದ್ದರೂ ನಾನು ಹತ್ತಿದೊಡನೆ ಎದ್ದು ಬಿಡುತ್ತಿದ್ದರು.

ಆ ಗಾಡಿಯಲ್ಲಿ ಅವ್ವನನ್ನು ಒಮ್ಮೆ ಕೂರಿಸಬೇಕೆಂದು ನನಗೆ ಬಹಳ ಆಸೆಯಿತ್ತು. ಸುರಪುರಕ್ಕೂ ನಡುದಾರಿಯ ಶಹಾಪುರಕ್ಕೂ ರೈಲಿಲ್ಲ. ಅವ್ವ ಅದುವರೆಗೆ ರೈಲು ಹತ್ತಿದವಳಲ್ಲ. ಕರೆದಾಗೆಲ್ಲ ಅವಳದು ಒಂದೇ ಮಾತು.

"ಬ್ಯಾಡವ್ವ. ಅದರ ಮೆಟ್ಟಲ ಎತ್ತರ ಇರ್ತಾವಂತ. ನನ್ನ ಮೊಣಕಾಲು ಕೇಳಂಗಿಲ್ಲ. ಮ್ಯಾಲ ನಾ ಬಂದ್ರ ಖಾನಾವಳಿಯವರಿಗೆ ರೊಟ್ಟಿ ಯಾರು ಕೊಡ್ತಾರ?"

ಹಬ್ಬಕ್ಕೆ ಕರೆದೆ, ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದೆ, ಬರಲಿಲ್ಲ. ಸರಿ, ವಯಸ್ಸಾಗಿದೆ ಎಂದು ಸುಮ್ಮನಾದೆ.

ಅಷ್ಟರಲ್ಲಿ ನಮ್ಮ ಹಳಿಯ ಮೇಲೆ ಕರೆಂಟಿನ ತಂತಿ ಬಂತು. ಕಂಬ ನೆಟ್ಟರು, ತಂತಿ ಎಳೆದರು, ಎಕ್ಸ್‌ಪ್ರೆಸ್ ಗಾಡಿಗಳಿಗೆ ಕರೆಂಟಿನ ಎಂಜಿನ್ನುಗಳು ಬಂದವು. ನಮ್ಮ ಡೀಸೆಲ್ ಗಾಡಿ ಮಾತ್ರ ಆ ತಂತಿಯ ಕೆಳಗೆ ಹೊಗೆ ಬಿಡುತ್ತಾ ಓಡಿಕೊಂಡೇ ಇತ್ತು. ನಮ್ಮನ್ನು ಮರೆತಿದ್ದಾರೆ, ಮರೆತೇ ಇರಲಿ ಎಂದುಕೊಂಡಿದ್ದೆವು. ಒಂದು ದಿನ ಸ್ಟೇಷನ್ನಿನಲ್ಲಿ ಮೈಕಿನವಳು, ಬೆಳಗಿನ ಡೆಮು ಬರುವ ವಾರದಿಂದ ಮುಂದಿನ ಸೂಚನೆಯವರೆಗೆ ರದ್ದು ಎಂದು ಹೇಳಿದಳು.

ನಾವು ಏಳೆಂಟು ಮಂದಿ ಸೇರಿ ರೈಲ್ವೆಯ ವಿಭಾಗೀಯ ಕಚೇರಿಗೆ ಹೋದೆವು. ಮಾತಾಡಲು ಟೀಚರ್ ಬೇಕು ಎಂದು ನನ್ನನ್ನು ಮುಂದೆ ಮಾಡಿದ್ದರು. ಅಧಿಕಾರಿ ತೆಂಕಣ ಸೀಮೆಯವರು, ಸಮಾಧಾನದ ಮನುಷ್ಯ. ನಮ್ಮನ್ನು ಕೂರಿಸಿ ಚಹಾ ತರಿಸಿದರು. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳನ್ನೆಲ್ಲ ಆಡಿದೆ. ಶಾಲೆ, ಆಸ್ಪತ್ರೆ, ಕಾಲೇಜು, ಹಾಲು, ಕಾಯಿಪಲ್ಲೆ ಒಂದನ್ನೂ ಬಿಡಲಿಲ್ಲ.

ಅವರು ಪೂರ್ತಿ ಕೇಳಿಸಿಕೊಂಡು, ಮೇಜಿನ ಮೇಲಿದ್ದ ಖಾಲಿ ಕಪ್ಪುಗಳನ್ನು ತಮ್ಮ ಮುಂದೆ ಎಳೆದುಕೊಂಡರು.

"ನೋಡಿ ಮೇಡಂ, ಈ ಕಪ್ಪುಗಳು ನಮ್ಮ ಹತ್ತಿರ ಇರೋ ಡೀಸೆಲ್ ಗಾಡಿಗಳು ಅಂದ್ಕೊಳ್ಳಿ. ಇಷ್ಟೇ ಇರೋದು. ಹೊಸದು ಯಾರೂ ಕೊಡಲ್ಲ. ಇದು ಯಾವಾಗಲೂ ಶೆಡ್ಡಿನಲ್ಲಿ ರಿಪೇರಿಗೆ." ಒಂದು ಕಪ್ಪನ್ನು ಫೈಲುಗಳ ಹಿಂದೆ ಇಟ್ಟರು. "ಇದು ನಗರದ ಸುತ್ತಿನ ಲೋಕಲ್ಲಿಗೆ. ಅಲ್ಲಿ ಜನ ಬಾಗಿಲಿಗೆ ಜೋತುಬಿದ್ದು ಹೋಗ್ತಾರೆ, ಅದನ್ನು ಮುಟ್ಟೋ ಹಾಗಿಲ್ಲ. ಇನ್ನು ನಿಮ್ಮ ಲೈನು. ನಿಮ್ಮ ತಲೆ ಮೇಲೆ ತಂತಿ ಇದೆ. ನಳ ಬಂದಿರೋ ಮನೇಲಿ ಬಾವಿ ನೀರು ಸೇದ್ತಾ ಕೂತರೆ ಮೇಲಿನವರು ನನ್ನನ್ನ ಕೇಳ್ತಾರೆ. ಹಳಿ ಮಾತ್ರ ಇದ್ದು ತಂತಿ ಇಲ್ಲದ ಕಡೆ ಡೀಸೆಲ್ ಗಾಡಿ ಬಿಟ್ಟರೆ ಬೇರೆ ದಾರಿ ಇಲ್ಲ."

"ನಮಗ ಕರೆಂಟಿನ ಗಾಡಿ ಕೊಡ್ರಿ ಹಂಗಾದ್ರ," ಎಂದಳು ನರ್ಸಕ್ಕ.

"ಕೊಡ್ತೀವಿ. ಬರಬೇಕು. ಬಂದ ಕೂಡಲೇ ನಿಮಗೇ."

"ಬರೂತನಕ ನಾವೇನು ಹಾರ್ಕೊಂತ ಹೋಗಬೇಕೇನ್ರಿ? ಅದಿರ್ಲಿ ಸಾಹೇಬ್ರ, ನಮ್ಮ ಕಪ್ಪು ಎಲ್ಲಿಗೆ ಹೊಂಟದ? ಅದನ್ನರೆ ಹೇಳ್ರಿ."

ಅವರು ನಮ್ಮ ಕಪ್ಪನ್ನು ಎತ್ತಿ ಮೇಜಿನ ಆ ತುದಿಗೆ ಇಟ್ಟರು. "ಹೊಸ ಲೈನಿಗೆ. ಅಲ್ಲಿ ಹುಟ್ಟಿದಾಗಿನಿಂದ ರೈಲು ನೋಡದ ಜನ ಇದಾರೆ," ಎಂದು ಊರಿನ ಹೆಸರು ಹೇಳಿದರು.

ಅದು ನನ್ನ ತಂಗಿಯ ಊರು.

ನರ್ಸಕ್ಕ ಮುಗ್ಧವಾಗಿ ನನ್ನ ಕಡೆ ತಿರುಗಿದಳು. "ಟೀಚರ್, ನಿಮ್ಮ ತಂಗೀನ್ನ ಕೊಟ್ಟದ್ದು ಅದೇ ಊರಿಗಲ್ರಿ?"

ಎಲ್ಲರೂ ನನ್ನನ್ನು ನೋಡಿದರು. ಅಧಿಕಾರಿಯ ಮುಖ ಅರಳಿತು. "ಅರೆ, ಹಾಗಾದರೆ ನಿಮ್ಮ ಮನೆಯಲ್ಲೇ ಉಳೀತಲ್ಲ ಮೇಡಂ!"

ಎಲ್ಲರೂ ನಕ್ಕರು. ನಾನೂ ಹಲ್ಲು ತೋರಿಸಿದೆ. ಆ ನಗೆಯಲ್ಲೇ ನಮ್ಮ ಬೇಡಿಕೆ ಮುಗಿದುಹೋಯಿತು. ಅಲ್ಲಿಗೆ ಕೊಡಬೇಡಿ ಎಂದು ನಾನು ಹೇಗೆ ಹೇಳಲಿ? ತಂಗಿಗೆ ಬಂದದ್ದನ್ನು ಕಿತ್ತುಕೊಳ್ಳುವ ಅಕ್ಕ ಎಂದು ಅನ್ನಿಸಿಕೊಳ್ಳುವುದೇ? ಆದರೆ ಒಳಗೆ ನನಗೆ ಅನ್ನಿಸಿದ್ದು ಅದೇ. ಬೇರೆ ಯಾವ ಊರಿಗಾದರೂ ಕೊಡಲಿ, ಆ ಒಂದು ಊರಿಗೆ ಬೇಡ. ಅದೇ ಹೊಸ ಮಾರ್ಗ ಮುಂದೆ ಸುರಪುರ, ಶಹಾಪುರದ ಮೇಲೆ ವಾಡಿ ಜಂಕ್ಷನ್ನಿಗೆ ಬರುತ್ತದೆ ಎಂದು ನಾವು ಸಣ್ಣವರಿದ್ದಾಗಿನಿಂದ ಕೇಳುತ್ತಾ ಬಂದವರು. ನಮ್ಮ ಕಡೆಯ ಹೊಲಗಳಲ್ಲಿ ಇನ್ನೂ ಮಣ್ಣು ಹಾಕುತ್ತಿದ್ದರೆ, ಅವಳ ಕಡೆಯ ತುದಿಗೆ ಆಗಲೇ ಹಳಿ ಬಂದು, ಗಾಡಿ ಬಂದು, ಅದೂ ನನ್ನ ಗಾಡಿ ಬಂದು ನಿಲ್ಲುವುದೆಂದರೆ!

ಆಮೇಲಿನ ದಿನಗಳು ಟಂಟಂ ಎನ್ನುವ ಶೇರ್ ಆಟೊದವು. ಯಾದಗಿರಿಯಿಂದ ಬಸ್ಸಿನಲ್ಲಿ ಕ್ರಾಸಿಗೆ ಹೋಗಿ, ಅಲ್ಲಿ ಟಂಟಂ ತುಂಬುವವರೆಗೆ ಕಾದು, ಡ್ರೈವರನ ಮಗ್ಗುಲಲ್ಲಿ ಅರ್ಧ ಕುಳಿತು ಅರ್ಧ ನೇತಾಡುತ್ತಾ ಶಾಲೆ ಸೇರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹೆಡ್ಮಾಸ್ತರರು ಏನೂ ಅನ್ನುತ್ತಿರಲಿಲ್ಲ, ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡುತ್ತಿದ್ದರು. ನರ್ಸಕ್ಕ ಮಗನ ಬೈಕಿನ ಹಿಂದೆ ಹೋಗತೊಡಗಿದಳು. ಕಾಲೇಜು ಹುಡುಗಿಯರಲ್ಲಿ ಇಬ್ಬರು ಬರುವುದನ್ನೇ ಬಿಟ್ಟರು.

ಒಂದು ದಿನ ಬೆಳಿಗ್ಗೆ ಕ್ರಾಸಿನಲ್ಲಿ ನಿಂತಿದ್ದಾಗ ತಂಗಿಯ ವಿಡಿಯೊ ಕಾಲ್ ಬಂತು. ಪರದೆಯ ಮೇಲೆ ಅವಳ ಮುಖ ಕುಣಿಯುತ್ತಿತ್ತು. ತನಗೆ ಪಕ್ಕದ ದೊಡ್ಡ ಊರಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ ಎಂದು ಹಿಂದಿನ ವಾರ ಹೇಳಿದ್ದಳು. ಮದುವೆಯಾದ ಮೇಲೆ ಹೊಸ್ತಿಲು ದಾಟಿ ಒಬ್ಬಳೇ ಹೋದವಳಲ್ಲ. ಮಕ್ಕಳು ದೊಡ್ಡವರಾದ ಮೇಲೆ ಈಗಲೇ ಮೊದಲ ಸಲ ಹೊರಟದ್ದು.

"ಅಕ್ಕಾ, ಗಾಡ್ಯಾಗ ಹೊಂಟೀನಿ ನೋಡು! ಇವತ್ತೇ ಕೆಲಸಕ್ಕ ಮೊದಲನೇ ದಿನ. ಕಿಡಕಿ ಜಾಗಾ ಸಿಕ್ಕದ. ಇಲ್ನೋಡು, ಶಟರಿಗೆ ಯಾರೋ ಲಾಡಿ ಕಟ್ಯಾರ! ಎಂಥಾ ಮಂದಿ ಇರ್ತಾರ ನೋಡು!"

ಫೋನು ತಿರುಗಿತು. ಹಸಿರು ಲಾಡಿ. ಹೊರಗೆ ಹೊಸ ಬಣ್ಣ ಬಳಿದಿದ್ದರು, ಒಳಗಿನ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ನಾನು ಹಲ್ಲಿನಿಂದ ಕಚ್ಚಿ ಬಿಗಿದಿದ್ದ ಗಂಟು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಫೋನು ಇನ್ನೂ ಸ್ವಲ್ಪ ತಿರುಗಿತು. ತಂಗಿಯ ಮಗ್ಗುಲಲ್ಲೇ, ತಲೆಯ ಮೇಲೆ ಸೆರಗು ಹೊದ್ದು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು, ಅವ್ವ ಕುಳಿತಿದ್ದಳು.

"ಅವ್ವ ನಿನ್ನೇನ ಬಂದಾಳ," ಎಂದಳು ತಂಗಿ. "ಅವ್ವಾ, ಅಕ್ಕ ಕಾಣಾಕತ್ತಾಳ ನೋಡು, ಮಾತಾಡು."

ಅವ್ವ ಫೋನಿನ ಹತ್ತಿರ ಮುಖ ತಂದು ಜೋರಾಗಿ ಕೇಳಿದಳು. "ಸಾಲಿಗಿ ಹೋಗಿಲ್ಲೇನ ಇನ್ನಾ?"

ಟಂಟಂ ಬಂದಿತೆಂದು ಹೇಳಿ ಫೋನು ಇಟ್ಟೆ. ಟಂಟಂ ಬಂದಿರಲಿಲ್ಲ. ಅಲ್ಲೇ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತೆ. ತಂಗಿಗೆ ಕೆಲಸ ಸಿಕ್ಕದ್ದಕ್ಕೆ ನನಗೆ ಸಂಕಟವಿರಲಿಲ್ಲ. ಗಾಡಿ ಹೋದದ್ದನ್ನೂ ಹೇಗೋ ನುಂಗಿಕೊಂಡಿದ್ದೆ. ಆದರೆ ಆ ಮೊಣಕಾಲು! ನನ್ನ ಗಾಡಿಯ ಮೆಟ್ಟಿಲಿಗೆ ಏಳದ ಮೊಣಕಾಲು ಅವಳ ಗಾಡಿಯ ಮೆಟ್ಟಿಲಿಗೆ ಹೇಗೆ ಎದ್ದಿತು? ಮೆಟ್ಟಿಲು ಅದೇ, ಗಾಡಿ ಅದೇ. ಸುರಪುರದಿಂದ ಬಸ್ಸು ಬದಲಿಸುತ್ತಾ ಅಷ್ಟು ದೂರ ಹೋದವಳಿಗೆ ಶಹಾಪುರದ ಮೇಲೆ ಯಾದಗಿರಿಗೆ ಬರಲು ಆಗಲಿಲ್ಲವೇ? ಆ ದಿನ ಶಾಲೆಯಲ್ಲಿ ಮಕ್ಕಳಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ.  ಮಧ್ಯಾಹ್ನದ ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ಒಯ್ದೆ.

ಅವ್ವ ಅಲ್ಲಿ ಒಂದು ದಿನ ಇದ್ದು ಬರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ತಂಗಿಯೊಂದಿಗೆ ಬೆಳಿಗ್ಗೆ ಹೋಗುತ್ತಾಳಂತೆ, ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂರುತ್ತಾಳಂತೆ, ಸಂಜೆ ಅವಳೊಂದಿಗೇ ತಿರುಗುತ್ತಾಳಂತೆ. ಈ "ಅಂತೆ"ಗಳನ್ನೆಲ್ಲ ನನ್ನ ಗಂಡ ತಂದು ಹೇಳುತ್ತಿದ್ದರು. ನಾನಾಗಿ ಫೋನು ಮಾಡಲಿಲ್ಲ.

ಅವ್ವ ಸುರಪುರಕ್ಕೆ ಮರಳಿದ್ದು ತಿಳಿದ ಭಾನುವಾರವೇ ಬಸ್ಸು ಹತ್ತಿದೆ. ಭೀಮೆಯ ಸೇತುವೆ ದಾಟಿದ್ದು, ಶಹಾಪುರದಲ್ಲಿ ಬಸ್ಸು ಬದಲಿಸಿದ್ದು, ಕಾಲುವೆಯ ಭತ್ತದ ಗದ್ದೆಗಳು ಸರಿದದ್ದು ಯಾವುದೂ ಕಣ್ಣಿಗೆ ಹತ್ತಲಿಲ್ಲ. ಆಡಬೇಕಾದ ಮಾತುಗಳನ್ನು ಮಸೆಯುತ್ತಾ ಕುಳಿತಿದ್ದೆ.

ಅವ್ವ ಒಲೆಯ ಮುಂದೆ ಇದ್ದಳು. ನನ್ನನ್ನು ನೋಡಿ, "ಬಾರವ್ವ. ಹಿಟ್ಟು ಮುಗೀಲಿಕ್ಕೆ ಬಂದದ, ಕುಂಡ್ರು," ಎಂದಳು. ನಾನು ಕೂರಲಿಲ್ಲ.

"ಮೊಣಕಾಲು ಆರಾಮ ಆದ್ವೇನ?" ಎಂದೆ.

"ಎಲ್ಲಿ ಆರಾಮ. ಹಂಗೇ ಅದಾವ."

"ಅದರಾಗ ದಿನಾ ರೈಲು ಹತ್ತಿ ಇಳಿದಿ? ನಾ ಎಷ್ಟು ವರ್ಷ ಕರದೀನಿ ನಿನ್ನ? ನನ್ನ ಗಾಡಿ ನಿನಗ ಎತ್ತರಾತು, ಆಕಿ ಗಾಡಿ ತೆಳಗಾತು, ಹೌದಿಲ್ಲೋ? ಅದು ಅದೇ ಗಾಡಿ ಯವ್ವಾ! ಆ ಲಾಡಿ ನಾ ಕಟ್ಟಿದ್ದು!"

ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿದಳು. ಲಾಡಿ ಯಾವುದು, ಏನು ಎಂದು ಕೇಳಲಿಲ್ಲ.

"ಆಕಿ ಅಂಜಿದ್ಲವ್ವ," ಎಂದಳು. "ಫೋನಿನ್ಯಾಗ ಅಳಾಕತ್ತಿದ್ಲು. ನಾ ಹೋಗಂಗಿಲ್ಲ, ಗಾಡಿ ತಪ್ಪಿದ್ರ ಏನು ಮಾಡ್ಲಿ, ಮಂದಿ ಏನಂತಾರ ಅಂತ. ಒಂದು ನಾಕು ದಿನ ಮಗ್ಗಲ ಕುಂತು ರೂಢಿ ಮಾಡ್ಸಿದೆ. ಈಗ ಒಬ್ಬಾಕೀನ ಹೊಂಟಾಳ."

"ಮತ್ತ ನನ್ನ ಮಗ್ಗಲ?"

ಅವ್ವ ನನ್ನನ್ನು ನೋಡಿದಳು. ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು.

"ನಿನಗ್ಯಾಕ ಬೇಕು? ನೀ ಯಾವಾಗ ಅಂಜಿದಿ?"

 ಬಸ್ಸಿನಲ್ಲಿ ಮಸೆದಿದ್ದ ಮಾತುಗಳೆಲ್ಲ ಮೊಂಡಾದವು. ಅವ್ವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಧಿಕಾರಿ ಕಪ್ಪು ಇಟ್ಟು ಹೇಳಿದ್ದರಲ್ಲಿಯೂ ಸುಳ್ಳಿರಲಿಲ್ಲ. ಇದ್ದದ್ದು ಒಂದು; ಇಲ್ಲದವರ ಕಡೆಗೆ ಅದು ಹೋಯಿತು. ನ್ಯಾಯವೇ. ಆದರೆ ನ್ಯಾಯ ಎಂದು ಗೊತ್ತಾದರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಅಂದಿನಿಂದ ತಂಗಿಯ ಗಾಡಿಗಿಂತ ಅವಳ ಅಂಜಿಕೆಯ ಮೇಲೆ ಹೆಚ್ಚು ಅಸೂಯೆ. ಅಂಜಿಕೊಂಡರೆ ಸಾಕು, ಅವ್ವ ಬಸ್ಸು ಬದಲಿಸುತ್ತಾ ಬರುತ್ತಾಳೆ. ನಾನು ಯಾಕೆ ಅದನ್ನು ಕಲಿಯಲಿಲ್ಲ?

ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಹಾಕಿಕೊಟ್ಟಳು. ಸಿಟ್ಟಿನಲ್ಲಿಯೇ ಉಂಡೆ. ಸಿಟ್ಟಿನಲ್ಲಿ ಉಂಡರೂ ಅವಳ ರೊಟ್ಟಿ ರುಚಿಯಾಗಿತ್ತು. ಅದೂ ಒಂದು ಸೋಲು ಎನಿಸಿತು.

ಮಳೆಗಾಲ ಕಳೆದ ಮೇಲೆ ನಮ್ಮ ಹಳಿಗೆ ಕರೆಂಟಿನ ಗಾಡಿ ಬಂತು. ಅಧಿಕಾರಿ ಮಾತು ಉಳಿಸಿಕೊಂಡಿದ್ದರು. ವಾಸನೆಯಿಲ್ಲ, ಹೊಗೆಯಿಲ್ಲ. ಹೊರಟದ್ದೇ ಗೊತ್ತಾಗದ ಹಾಗೆ ಹೊರಡುತ್ತದೆ. ಕಾಲೇಜು ಹುಡುಗಿಯರು ಮರಳಿದರು. ನರ್ಸಕ್ಕನೂ ಬಂದಳು, ಮಗನ ಬೈಕಿನಲ್ಲಿ ಸೊಂಟ ಹೋಯಿತೆಂದು ಬೈಯುತ್ತಾ. ಎಲ್ಲ ಶಟರುಗಳೂ ನೆಟ್ಟಗೆ ನಿಲ್ಲುತ್ತಿದ್ದವು.

ಹೀಗಿರುವಾಗ ಒಂದು ಸಂಜೆ ಅವ್ವ ಯಾದಗಿರಿಯ ನಮ್ಮ ಮನೆಯ ಬಾಗಿಲಲ್ಲಿ ಕೈಚೀಲ ಹಿಡಿದು ನಿಂತಿದ್ದಳು. ನಾನು ಕರೆದಿರಲಿಲ್ಲ.

"ಏನವ್ವಾ, ಯಾರಿಗೇನಾಗ್ಯದ?" ಎಂದೆ ಗಾಬರಿಯಲ್ಲಿ.

"ಯಾರಿಗೇನಾಗಬೇಕು? ನಾಳೆ ನಿನ್ನ ಗಾಡ್ಯಾಗ ಬರ್ತೀನಿ. ಭಾಳ ಕರೀತಿದ್ದಿಯಲ್ಲ."

ಮರುದಿನ ಅವ್ವನನ್ನು ಕಿಟಕಿಯ ಪಕ್ಕ ಕೂರಿಸಿದೆ. ಇಷ್ಟು ವರ್ಷಗಳ ಆಸೆ ಅದು. ನರ್ಸಕ್ಕನಿಗೆ, ಹುಡುಗಿಯರಿಗೆ, ಹಾಲಿನವನಿಗೆ, ಎಲ್ಲರಿಗೂ "ನಮ್ಮವ್ವ" ಎಂದು ತೋರಿಸಿದೆ. ಗಾಡಿ ಹೊರಟಾಗ ಅವ್ವ ಕಿಟಕಿಯಿಂದ ಸ್ಟೇಷನ್ನು ಸರಿಯುವುದನ್ನು ನೋಡಿದಳು. ಆಮೇಲೆ ನರ್ಸಕ್ಕನ ಕಡೆ ಬಾಗಿ ಶುರುಮಾಡಿದಳು.

"ನಮ್ಮ ಸಣ್ಣಾಕಿ ಊರಿನ ಗಾಡಿ ನೋಡಬೇಕ್ರಿ ನೀವು. ಹೊರಟ್ರ ಗುಡುಗುಡು ಅಂತ ಸಪ್ಪಳ ಮಾಡ್ತದ, ಹೊಂಟೈತಪ್ಪಾ ಅಂತ ಗೊತ್ತಾಗ್ತದ. ಇದೇನ್ರಿ, ಕಳ್ಳ ಬೆಕ್ಕಿನಂಗ ಹೊಂಟದ. ಆಕಿ ಒಬ್ಬಾಕೀನ ಹೋಗಿ ಬರ್ತಾಳ್ರಿ ಈಗ. ಆಕಿ ಕೊಟ್ಟ ಗುಳಗಿ ಅಂದ್ರನ ಮಂದಿ ಒಯ್ತಾರಂತ."

ನನ್ನ ಸ್ಟೇಷನ್ ಬರುವವರೆಗೆ ಸಣ್ಣಾಕಿಯ ಪುರಾಣ ನಡೆಯಿತು. ನರ್ಸಕ್ಕ ನನ್ನ ಕಾಲನ್ನು ಮೆಲ್ಲಗೆ ಒತ್ತಿ ನಗು ತಡೆದುಕೊಳ್ಳುತ್ತಿದ್ದಳು. ಅವಳಿಗೆ ನನ್ನ ಮುಖ ಓದಲು ಬರುತ್ತಿತ್ತು. ನಾನು ಇಳಿಯುವಾಗ ಅವ್ವ ಏಳಲಿಲ್ಲ. "ನೀ ಸಾಲಿಗಿ ಹೋಗು. ನಾ ರಾಯಚೂರು ನೋಡ್ಕೊಂಡು ಸಂಜೀಗೆ ಇದೇ ಗಾಡ್ಯಾಗ ಬರ್ತೀನಿ," ಎಂದಳು.

"ಒಬ್ಬಾಕೀನ? ಅಂಜಿಕಿ ಬರಂಗಿಲ್ಲೇನ?"

"ಅಂಜಾಕ ಏನದ, ನಾ ರೈಲಿನ್ಯಾಗ ಪಳಗೀನಿ ಈಗ."

ಸಂಜೆ ಗಾಡಿ ಬಂದು ನಿಂತಾಗ ಅವಳ ತಲೆ ಕಿಟಕಿಯಲ್ಲಿ ಕಂಡ ಮೇಲೆಯೇ ನನಗೆ ಉಸಿರು ಬಂದದ್ದು. ಹತ್ತಿ ಪಕ್ಕದಲ್ಲಿ ಕುಳಿತೆ. ಅವಳ ಮಡಿಲಲ್ಲಿ ಸ್ಟೀಲಿನ ಮೂರು ಅಂತಸ್ತಿನ ಊಟದ ಡಬ್ಬಿ ಫಳಫಳಿಸುತ್ತಿತ್ತು. ಒಳ್ಳೆಯ ಗಟ್ಟಿ ಡಬ್ಬಿ, ಮೇಲೆ ಬಿಗಿಯಾದ ಕೊಂಡಿ. ನನ್ನದು ಕೊಂಡಿ ಹೋಗಿ ಎಷ್ಟೋ ದಿನವಾಗಿತ್ತು, ರಬ್ಬರು ಹಾಕಿಕೊಂಡು ಒಯ್ಯುತ್ತಿದ್ದೆ.

"ಚೆಂದದ," ಎಂದೆ.

"ಸಣ್ಣಾಕಿಗಿ ತೊಗೊಂಡೆ. ಪ್ಲಾಸ್ಟಿಕಿನ ಡಬ್ಬ್ಯಾಗ ಒಯ್ತಾಳ ಪಾಪ, ರೊಟ್ಟಿ ಬೆವತು ಮೆತ್ತಗಾಗ್ತಾವ." ಡಬ್ಬಿಯನ್ನು ನನ್ನ ಮಡಿಲಿಗೆ ವರ್ಗಾಯಿಸಿದಳು. "ಹಿಡಿ, ನನಗ ಕಣ್ಣು ಎಳೀಲಿಕತ್ಯಾವ. ದಸರಾ ಸೂಟಿಗೆ ಹೋದಾಗ ನೀನೇ ಒಯ್ದು ಕೊಡು."

ಇಷ್ಟು ಹೇಳಿ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟಳು. ಬಿಸಿಲಲ್ಲಿ ತಿರುಗಿ ಬಂದ ಅವಳ ಮೈ ಇನ್ನೂ ಬೆಚ್ಚಗಿತ್ತು. ಹೊರಗೆ ಹತ್ತಿಯ ಹೊಲಗಳು ಸರಿಯುತ್ತಿದ್ದವು. ಡಬ್ಬಿಯ ಕೊಂಡಿಯನ್ನು ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಇದನ್ನು ನಾನೇ ಇಟ್ಟುಕೊಂಡು ತಂಗಿಗೆ ಬೇರೆ ಕೊಂಡುಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ಯಾದಗಿರಿ ಬಂದಾಗ ಅವ್ವನನ್ನು ಎಬ್ಬಿಸಿ, ಕೈ ಕೊಟ್ಟು ಮೆಟ್ಟಿಲಿಳಿಸಿದೆ. ಅವಳು ಮೊಣಕಾಲು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಕೆಳಗಿಟ್ಟಳು. ನೋವು ನಿಜವಾಗಿಯೇ ಇತ್ತು.

ದಸರಾ ರಜೆಯಲ್ಲಿ ಡಬ್ಬಿಯನ್ನು ಒಯ್ದು ತಂಗಿಗೆ ಕೊಟ್ಟೆ. ಅದನ್ನೇ.